ಕೊರೊನರಿ ಸಿಟಿ ಆಂಜಿಯೋ: ನಾಡಿ ಇಳಿಸುವುದರಿಂದ ರಿಪೋರ್ಟ್ ಬರೆಯುವವರೆಗೆ

ಹೃದಯಕ್ಕೆ ರಕ್ತ ಒಯ್ಯುವ ಕೊರೊನರಿ ನಾಳಗಳನ್ನು, ಡೈ (ನಾಳ ಎದ್ದು ಕಾಣಿಸುವ ದ್ರವ) ಕೊಟ್ಟು ಸಿಟಿಯಲ್ಲಿ ನೋಡುವ ಪರೀಕ್ಷೆ ಇದು. ಸ್ಕ್ಯಾನ್ ನಡೆಯುವುದು ಕೆಲವೇ ಸೆಕೆಂಡು. ಚಿತ್ರ ಕೆಡುವುದು ಹೆಚ್ಚಾಗಿ ಅದಕ್ಕೆ ಮುಂಚಿನ ಒಂದು ಗಂಟೆಯಲ್ಲಿ.

ಮೊದಲು ನಾಡಿ. ನಿಮಿಷಕ್ಕೆ 60ರ ಆಸುಪಾಸಿಗೆ ಇಳಿಯಬೇಕು. ಹಿಂದಿನ 12 ಗಂಟೆ ಕಾಫಿ, ಟೀ ಬೇಡ. ಒಂದು ಗಂಟೆ ಮೊದಲು ನಾಡಿ ಇಳಿಸುವ ಮೆಟೊಪ್ರೊಲಾಲ್ 50ರಿಂದ 100 ಮಿಲಿಗ್ರಾಂ ನುಂಗಿಸುವುದು ರೂಢಿ. ಅಸ್ತಮಾ ಕೆರಳಿದ್ದರೆ, ಬಿಪಿ ತೀರಾ ಕಡಿಮೆಯಿದ್ದರೆ, ಇಸಿಜಿಯಲ್ಲಿ ಹಾರ್ಟ್ ಬ್ಲಾಕ್ (ಹೃದಯದ ವಿದ್ಯುತ್ ಸಂಕೇತಕ್ಕೆ ತಡೆ) ಕಂಡರೆ ಕೊಡಬಾರದು. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಿಪೋರ್ಟ್ ನೋಡಿ, ಹಿಂದೆ ಡೈ ಕೊಟ್ಟಾಗ ಅಲರ್ಜಿ ಆಗಿತ್ತೇ ವಿಚಾರಿಸಿ.

ಸ್ಕ್ಯಾನಿಗೆ ಸುಮಾರು ಐದು ನಿಮಿಷ ಮುಂಚೆ ನಾಲಿಗೆಯಡಿ ನೈಟ್ರೊಗ್ಲಿಸರಿನ್, 400ರಿಂದ 800 ಮೈಕ್ರೊಗ್ರಾಂ. ರಕ್ತನಾಳ ಅರಳಿ ಸ್ಪಷ್ಟವಾಗುತ್ತದೆ. ಸಿಲ್ಡೆನಾಫಿಲ್ ಜಾತಿಯ ಮಾತ್ರೆ ತೆಗೆದುಕೊಂಡವರಿಗೆ ಇದು ಸಲ್ಲದು, ಬಿಪಿ ಕುಸಿಯುತ್ತದೆ. ಆ ಪ್ರಶ್ನೆಯನ್ನು ಪಕ್ಕಕ್ಕೆ ಕರೆದು ಕೇಳಿ. ಮನೆಯವರ ಎದುರು ಯಾರೂ ಬಾಯಿಬಿಡುವುದಿಲ್ಲ.

ಬಲ ಮೊಣಕೈ ಮಡಿಕೆಯಲ್ಲಿ 18 ಗೇಜ್ ಕ್ಯಾನುಲಾ ಹಾಕಿ, ಸಲೈನ್ ತಳ್ಳಿ ಪರೀಕ್ಷಿಸಿ. ಡೈ ಸೆಕೆಂಡಿಗೆ 5 ಮಿಲಿಯಂತೆ 60ರಿಂದ 80 ಮಿಲಿ, ಬೆನ್ನಿಗೇ 40 ಮಿಲಿ ಸಲೈನ್. ಸಲೈನ್ ಕಡಿಮೆಯಾದರೆ ಹೃದಯದ ಬಲಭಾಗದಲ್ಲಿ ಉಳಿದ ಡೈ ಗೆರೆ ಗೆರೆಯಾಗಿ ಹರಡಿ ಬಲ ಕೊರೊನರಿಯನ್ನು ಮುಚ್ಚುತ್ತದೆ.

ಉಸಿರು ಹಿಡಿಯುವುದನ್ನು ಎರಡು ಸಲ ಅಭ್ಯಾಸ ಮಾಡಿಸಿ, ಕಣ್ಣು ಮಾನಿಟರ್ ಮೇಲಿರಲಿ: ಉಸಿರು ಹಿಡಿದಾಗ ನಾಡಿ ಎಷ್ಟಾಗುತ್ತದೋ ಅದೇ ಲೆಕ್ಕ. ಎದೆ ಪೂರ್ತಿ ಉಬ್ಬಿಸುವುದು ಬೇಡ, ಮುಕ್ಕಾಲು ಸಾಕು. ಡೈ ಹೋದಾಗ ಮೈ ಬೆಚ್ಚಗಾಗುತ್ತದೆ ಎಂದು ಮೊದಲೇ ಹೇಳಿಬಿಡಿ. ಹೇಳದಿದ್ದರೆ ಬೆದರಿ ಮಿಸುಕುತ್ತಾರೆ, ನಾಡಿಯೂ ಏರುತ್ತದೆ.

ಇನ್ನು ಓದುವ ಕೆಲಸ. ಡೈ ಇಲ್ಲದೆ ತೆಗೆದ ಕ್ಯಾಲ್ಸಿಯಂ ಸ್ಕೋರ್ (ನಾಳದ ಗೋಡೆಯಲ್ಲಿ ಕಟ್ಟಿದ ಕ್ಯಾಲ್ಸಿಯಂನ ಅಳತೆ) 0 ಬಂದರೆ ನೆಮ್ಮದಿಯೇ ಸರಿ, ಆದರೆ ಚಿಕ್ಕ ವಯಸ್ಸಿನವರಿಗೆ ಎದೆನೋವಿದ್ದರೆ ಅಷ್ಟಕ್ಕೇ ಬಿಡಬೇಡಿ; ಮೆತ್ತನೆಯ ಪ್ಲಾಕ್ (ಗೋಡೆಗೆ ಕಟ್ಟಿದ ಕೊಬ್ಬಿನ ಪದರ) ಸ್ಕೋರಿನಲ್ಲಿ ಸಿಕ್ಕುವುದಿಲ್ಲ. ಕ್ಯಾಲ್ಸಿಯಂ ವಿಪರೀತ ಇದ್ದಾಗ ತೊಂದರೆ ಉಲ್ಟಾ: ಅದರ ಗಡ್ಡೆ ಇದ್ದುದಕ್ಕಿಂತ ದಪ್ಪ ಕಂಡು, ನಾಳ ಮುಚ್ಚೇ ಹೋಗಿದೆ ಅನ್ನಿಸುತ್ತದೆ. ವಿಂಡೋ (ಪರದೆಯಲ್ಲಿ ತೋರುವ ಕಪ್ಪು-ಬಿಳುಪಿನ ವ್ಯಾಪ್ತಿ) ಅಗಲಿಸಿ, ತೆಳು ಸ್ಲೈಸಿನಲ್ಲಿ ಇನ್ನೊಮ್ಮೆ ನೋಡಿ. 3 ಮಿಲಿಮೀಟರಿಗಿಂತ ಸಣ್ಣ ಸ್ಟೆಂಟಿನ ಒಳಗೂ ಇದೇ ಪಾಡು.

ಬಲ ಕೊರೊನರಿಯ ನಡುಭಾಗ ಎರಡೆರಡಾಗಿ ಕಂಡರೆ ಅದು ರೋಗವಲ್ಲ, ಅಲುಗಾಟ. 75 ಶೇಕಡಾ ಫೇಸ್ (ಒಂದು ಬಡಿತದ ಅವಧಿಯಲ್ಲಿ 75 ಶೇಕಡಾ ಕಳೆದಾಗಿನ ಚಿತ್ರ) ಕೆಟ್ಟಿದ್ದರೆ 40ರ ಆಸುಪಾಸಿನದನ್ನು ತೆರೆಯಿರಿ.

ನಾಳದ ಸಂಕೋಚ (ಕಿರಿದಾಗಿರುವುದು) 50ರಿಂದ 69 ಶೇಕಡಾ ಇದ್ದರೆ ಮಧ್ಯಮ, 70 ಮುಟ್ಟಿದರೆ ತೀವ್ರ. ಎಡ ಮುಖ್ಯ ನಾಳದಲ್ಲಿ ಮಾತ್ರ 50ಕ್ಕೇ ತೀವ್ರವೆಂದು ಹಿಡಿಯಬೇಕು. ಮಧ್ಯಮದವರಿಗೆ ಸ್ನಾಯುವಿಗೆ ರಕ್ತ ಸಾಲುತ್ತಿದೆಯೇ ಎಂದು ತಿಳಿಯಲು ಸ್ಟ್ರೆಸ್ ಟೆಸ್ಟ್ ಅಥವಾ ಸಂಕೋಚದ ಹಿಂದೆ-ಮುಂದಿನ ರಕ್ತದೊತ್ತಡ ಹೋಲಿಸುವ ಎಫ್‌ಎಫ್‌ಆರ್ ಬೇಕಾಗಬಹುದು. ಕಾಣದ ಭಾಗಕ್ಕೆ ‘ನಾರ್ಮಲ್’ ಎಂದು ಬರೆಯಬೇಡಿ, ‘ನೋಡಲಾಗಲಿಲ್ಲ’ ಎಂದೇ ಬರೆಯಿರಿ.