ಪಂಪಿಲ್ಲ, ಮಣ್ಣಿಲ್ಲ: ಶಾಲೆಯ ಬಕೆಟ್‌ನಲ್ಲಿ ಪಾಲಕ್

ಮಣ್ಣಿಲ್ಲದೆ ಗೊಬ್ಬರ ಕರಗಿಸಿದ ನೀರಿನಲ್ಲೇ ಸೊಪ್ಪು ಬೆಳೆಯುವುದು ಮಕ್ಕಳ ಕೈಯಲ್ಲಿ ಆಗದು ಅಂದವರೇ ಹೆಚ್ಚು. ಈಗ ನಮ್ಮ ಏಳನೇ ತರಗತಿಯವರು ಬಿಸಿಯೂಟದ ಸಾರಿಗೆ ತಾವೇ ಪಾಲಕ್ ಕೊಯ್ದು ಕೊಡುತ್ತಾರೆ.

ಮೊದಲು ಪಿವಿಸಿ ಪೈಪ್, ಪಂಪ್ ಹಾಕಿದೆವು. ಹತ್ತಿರ ಹತ್ತಿರ ಒಂಬತ್ತು ಸಾವಿರ ಮುಗಿಯಿತು. ಭಾನುವಾರ ಕರೆಂಟ್ ಹೋದರೆ ಸೋಮವಾರಕ್ಕೆ ಬೇರು ಒಣಗಿ ದಾರ. ಎರಡು ಬೆಳೆ ಹೀಗೆ ಹೋದ ಮೇಲೆ ಪಂಪಿಲ್ಲದೆ ನಿಂತ ನೀರಿನಲ್ಲೇ ಬೆಳೆಸುವ ಕ್ರಾಟ್ಕಿ ಕ್ರಮಕ್ಕೆ ಇಳಿದೆವು. ಬೇಕರಿಯಿಂದ ತಂದ 10 ಲೀಟರ್‌ನ ಖಾಲಿ ಬಕೆಟ್, ಒಂದಕ್ಕೆ 40–50 ರೂಪಾಯಿ. ಪೇಂಟ್ ಬಕೆಟ್ ಬೇಡ, ತಿನ್ನುವ ಸೊಪ್ಪು. ಹೊರಗೆ ಮೊದಲು ಕಪ್ಪು ಬಣ್ಣ, ಅದರ ಮೇಲೆ ಬಿಳಿ: ಕಪ್ಪು ಬಣ್ಣ ಬೆಳಕು ತಡೆದು ಪಾಚಿ ಕಟ್ಟದಂತೆ, ಬಿಳಿ ಬಣ್ಣ ನೀರು ಕಾಯದಂತೆ ನೋಡಿಕೊಳ್ಳುತ್ತದೆ. ಮುಚ್ಚಳದಲ್ಲಿ ಎರಡಿಂಚಿನ ನಾಲ್ಕು ತೂತು, ಒಂದೊಂದರಲ್ಲೂ ಸಸಿ ಕೂರಿಸುವ ಜಾಲರಿ ಕಪ್.

ಕಪ್ ಒಳಗೆ ತುಂಬುವ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮೂರು ಸಲ ತೊಳೆಯದೆ ಬಳಸಬೇಡಿ, ಉಪ್ಪಿಗೆ ಸಸಿ ಸುಡುತ್ತದೆ.

ಬರೀ 19:19:19 ಗೊಬ್ಬರ (ಅಂಕಿಗಳು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷ್‌ನ ಶೇಕಡಾ ಪಾಲು) ಹಾಕಿ ಒಂದು ಬೆಳೆ ಕಳೆದುಕೊಂಡೆವು. ಅದರಲ್ಲಿ ಕ್ಯಾಲ್ಸಿಯಂ ಇಲ್ಲ. ಸಾರಜನಕದ ಒಂದು ಪಾಲು ಯೂರಿಯಾ, ಬರೀ ನೀರಿನಲ್ಲಿ ಅದು ಗಿಡಕ್ಕೆ ಸರಿಯಾಗಿ ದಕ್ಕದು. ಈಗ 10 ಲೀಟರಿಗೆ ಕ್ಯಾಲ್ಸಿಯಂ ನೈಟ್ರೇಟ್ 6 ಗ್ರಾಂ, 13:0:45 ಗೊಬ್ಬರ 3 ಗ್ರಾಂ, 0:52:34 ಗೊಬ್ಬರ 2 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 3 ಗ್ರಾಂ, ಚಿಟಿಕೆ ಲಘು ಪೋಷಕಾಂಶ (ಕಬ್ಬಿಣ, ಸತುವಿನಂಥವು). ಕ್ಯಾಲ್ಸಿಯಂ ನೈಟ್ರೇಟ್ ಬೇರೆ ಚೊಂಬಿನಲ್ಲಿ ಕರಗಿಸಿ ಕೊನೆಗೆ ಸುರಿಯಬೇಕು. ಗಟ್ಟಿ ದ್ರಾವಣಗಳನ್ನು ಒಟ್ಟಿಗೆ ಬೆರೆಸಿದರೆ ಬಿಳಿ ಗಸಿ ತಳ ಹಿಡಿಯುತ್ತದೆ.

ನಮ್ಮ ಬೋರ್‌ವೆಲ್ ನೀರಿನ ಪಿಎಚ್ (ಹುಳಿ–ಕ್ಷಾರದ ಅಳತೆ) 8ರ ಹತ್ತಿರ, ಎಳೆಯ ಎಲೆ ಹಳದಿಯಾಗುತ್ತಿತ್ತು. ನಿಂಬೆರಸ ಹಿಂಡಿ ನೋಡಿದೆವು: ಅಂದು 6ಕ್ಕೆ ಇಳಿಯಿತು, ಮೂರನೇ ದಿನ ಮತ್ತೆ ಮೇಲೆ, ನೀರೂ ಲೋಳೆ. ಅರ್ಧಕ್ಕರ್ಧ ಮಳೆನೀರು ಬೆರೆಸಿದ್ದು ಕೈಹಿಡಿಯಿತು. ಉಳಿದದ್ದಕ್ಕೆ ಫಾಸ್ಫಾರಿಕ್ ಆಮ್ಲದ ಹನಿ; ಆ ಬಾಟಲಿ ಮೇಷ್ಟರ ಕೈಯಲ್ಲೇ ಇರಲಿ.

ಬಕೆಟ್‌ಗೆ ಸಸಿ ಕೂರಿಸುವಾಗ ನೀರು ಕಪ್ ತಳವನ್ನು ಅರ್ಧ ಇಂಚು ಮುಟ್ಟಿದರೆ ಸಾಕು. ನೀರು ಇಳಿದಂತೆ ಮೇಲಿನ ಬೇರು ಗಾಳಿಗೆ ಒಗ್ಗುತ್ತದೆ. ನೀರು ಇಳಿದ ಮೇಲೆ ಮಕ್ಕಳು ಪ್ರೀತಿಯಿಂದ ಮತ್ತೆ ಕಂಠಪೂರ್ತಿ ತುಂಬಿದ ಬಕೆಟ್‌ಗಳಲ್ಲಿ ಬೇರು ಉಸಿರುಕಟ್ಟಿ, ನಾಲ್ಕೈದು ದಿನಕ್ಕೆ ಗಿಡ ಬಾಡಿತು. ಈಗ ಒಳಗೆ ಅರ್ಧಕ್ಕೆ ಮಾರ್ಕರ್ ಗೆರೆ ಇದೆ, ಮತ್ತೆ ತುಂಬುವಾಗ ಅದನ್ನು ದಾಟುವಂತಿಲ್ಲ.

ದಿನಾ ಕಪ್ ಎತ್ತಿ ಬೇರು ನೋಡುವುದೂ ಕೆಡುಕೇ. ಅದಕ್ಕೆಂದೇ ಗಾಜಿನ ಬಾಟಲಿಯಲ್ಲಿ ಒಂದು ಗಿಡ ಇಟ್ಟು ಕಪ್ಪು ಬಟ್ಟೆಯ ಚೀಲ ತೊಡಿಸಿದ್ದೇವೆ. ಚೀಲ ಇಳಿಸಿದರೆ ಮೇಲೆ ತುಪ್ಪುಳದಂಥ ಬೇರು, ಕೆಳಗೆ ನೀರಲ್ಲಿ ನುಣುಪು ಬೇರು. ಪಾಠ ಅಲ್ಲೇ ಆಗುತ್ತದೆ.

ಬಸಳೆ ಕಡ್ಡಿಯನ್ನೂ ಇಟ್ಟು ನೋಡಿದೆವು, ವಾರದಲ್ಲೇ ಬೇರು. ಆದರೆ ಬೆಳೆದ ಬಸಳೆ ವಿಪರೀತ ನೀರು ಕುಡಿಯುತ್ತದೆ, ದಸರಾ ರಜೆಗೆ ಒಂದು ಬಕೆಟ್ ಸಾಲದು. ರಜೆಯಲ್ಲಿ ನಾವು ಅದನ್ನು ಉಳಿಸಿಕೊಂಡ ಉಪಾಯವನ್ನು ಇನ್ನೊಂದು ಬೆಳೆ ನೋಡಿಯೇ ಹೇಳುತ್ತೇನೆ.