ಗೇಮ್ ಆಡುವಾಗ ಪಿಸಿ ತಾನಾಗೇ ರೀಸ್ಟಾರ್ಟ್ ಆಗುತ್ತಿದೆಯೇ?

ಬ್ಲೂ ಸ್ಕ್ರೀನ್ ಕೂಡ ಬರದೆ ಗೇಮ್ ಮಧ್ಯೆ ತಟ್ಟನೆ ರೀಸ್ಟಾರ್ಟ್ ಆದರೆ, ವಿಂಡೋಸ್ ಮತ್ತೆ ಹಾಕಲು ಹೋಗಬೇಡಿ. ವಿಂಡೋಸ್‌ನ ದಾಖಲೆಗಳನ್ನು ತೋರಿಸುವ ಇವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎಂಬ ನಮೂದು ತೆರೆಯಿರಿ. ಅದು ಕಾರಣ ಹೇಳುವುದಿಲ್ಲ, ಸರಿಯಾಗಿ ಶಟ್‌ಡೌನ್ ಆಗಿಲ್ಲ ಎಂದಷ್ಟೇ ಹೇಳುತ್ತದೆ. ಆದರೆ ಒಳಗೆ ಬಗ್‌ಚೆಕ್‌ಕೋಡ್ 0 ಇದ್ದರೆ, ಅಂದರೆ ವಿಂಡೋಸ್ ಕ್ರ್ಯಾಶ್ ದಾಖಲಾಗಿಲ್ಲದಿದ್ದರೆ, ಮೊದಲ ಅನುಮಾನ ಪವರ್ ಸಪ್ಲೈ ಮೇಲೆ.

ಉದಾಹರಣೆಗೆ, ಆರ್‌ಟಿಎಕ್ಸ್ 3080 ಹೆಸರಿಗೆ 320 ವ್ಯಾಟ್ ಗ್ರಾಫಿಕ್ಸ್ ಕಾರ್ಡ್. ಮಿಲಿಸೆಕೆಂಡ್‌ಗಳ ಮಟ್ಟಿಗೆ ಅದಕ್ಕಿಂತ ಬಹಳ ಹೆಚ್ಚು ಎಳೆಯುತ್ತದೆ. ಆ ಹೊಡೆತಕ್ಕೆ ಸಪ್ಲೈನ ರಕ್ಷಣಾ ಸರ್ಕ್ಯೂಟ್ ಕರೆಂಟ್ ಕಡಿದುಬಿಡುತ್ತದೆ. ಕಾರ್ಡ್‌ನ ಎರಡು 8 ಪಿನ್ ಪವರ್ ಸಾಕೆಟ್‌ಗಳಿಗೆ ಕವಲೊಡೆದ ಒಂದೇ ಕೇಬಲ್ ಹಾಕಿದ್ದರೆ, ತೆಗೆದು ಎರಡು ಪ್ರತ್ಯೇಕ ಕೇಬಲ್ ಎಳೆಯಿರಿ. ಬೇರೆ ಸಪ್ಲೈನ ಮಾಡ್ಯುಲರ್ (ಬಿಚ್ಚಿ ಹಾಕಬಹುದಾದ) ಕೇಬಲ್ ಮಾತ್ರ ಖಂಡಿತ ಬೇಡ. ಪಿನ್ ಜೋಡಣೆ ಬೇರೆಯಿದ್ದರೆ ಕಾರ್ಡೇ ಸುಟ್ಟುಹೋದೀತು.

ಯುಪಿಎಸ್ ಮೂಲಕ ಓಡಿಸುತ್ತಿದ್ದರೆ ಒಮ್ಮೆ ನೇರ ಗೋಡೆಯ ಸಾಕೆಟ್‌ಗೆ ಹಾಕಿ ನೋಡಿ. 600 ವಿಎ ಯುಪಿಎಸ್ ತಡೆಯುವುದು ಸಾಮಾನ್ಯವಾಗಿ 360 ವ್ಯಾಟ್ ಮಾತ್ರ.

ಗ್ರಾಫಿಕ್ಸ್ ಕಾರ್ಡ್ ಹೊಂದಿಸುವ ಆಫ್ಟರ್‌ಬರ್ನರ್ ಸಾಫ್ಟ್‌ವೇರ್‌ನಲ್ಲಿ ಪವರ್ ಲಿಮಿಟ್ 70%ಗೆ ಇಳಿಸಿ ಒಂದು ಗಂಟೆ ಆಡಿ. ರೀಸ್ಟಾರ್ಟ್ ನಿಂತರೆ ಸಪ್ಲೈ ಬದಲಿಸುವುದೇ ದಾರಿ, ಈ ಕಾರ್ಡ್‌ಗೆ ಕನಿಷ್ಠ 750 ವ್ಯಾಟ್. ನಿಲ್ಲದಿದ್ದರೆ ಬಯೋಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮ್ ವೇಗ ಹೆಚ್ಚಿಸುವ ಸೆಟ್ಟಿಂಗ್) ಆಫ್ ಮಾಡಿ, ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ನಾಲ್ಕು ಸುತ್ತು ಓಡಿಸಿ.