ರೂಟ್ ಪಾಸ್‌ವರ್ಡ್ ಇಲ್ಲದೆಯೂ ಬೂಟ್ ಆದ ಕೂಡಲೇ ಪ್ರೋಗ್ರಾಂ ಓಡಿಸಬಹುದು

ಮನೆಯ ಹಳೇ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಸಿಂಕ್‌ಥಿಂಗ್‌ನಂಥದ್ದು (ಸಾಧನಗಳ ನಡುವೆ ಫೈಲ್ ಹೊಂದಿಸಿಡುವ ಪ್ರೋಗ್ರಾಂ) ಯಾವಾಗಲೂ ಓಡ್ತಾ ಇರಬೇಕು ಅಂದರೆ ಅದಕ್ಕೆ ರೂಟ್ ಅಧಿಕಾರ, ಅಂದರೆ ಇಡೀ ಸಿಸ್ಟಂ ಮೇಲಿನ ಪೂರ್ತಿ ಹಿಡಿತ, ಕೊಡುವ ಅಗತ್ಯವೇ ಇಲ್ಲ. ಕೊಡದಿರುವುದೇ ಕ್ಷೇಮ.

ಸುಲಭದ ದಾರಿ ಕ್ರಾನ್, ಅಂದರೆ ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ಲಿನಕ್ಸ್ ಸೌಲಭ್ಯ. ಅದರ ಪಟ್ಟಿಯಾದ ಕ್ರಾನ್‌ಟ್ಯಾಬ್ ತೆರೆದು, ಸಮಯದ ಐದು ಅಂಕಣಗಳ ಬದಲು @ರೀಬೂಟ್ ಅಂತ (ಇಂಗ್ಲಿಷ್ ಅಕ್ಷರದಲ್ಲೇ) ಹಾಕಿ, ಮುಂದೆ ಕಮಾಂಡ್ ಬರೆಯಿರಿ. ಪ್ರೋಗ್ರಾಂನ ಪೂರ್ತಿ ಪಾತ್ ಕೊಡಿ. ಕ್ರಾನ್‌ಗೆ ನಿಮ್ಮ ಬ್ಯಾಷ್ ಸೆಟ್ಟಿಂಗ್ ಗೊತ್ತಿರಲ್ಲ. ಆದರೆ ಪ್ರೋಗ್ರಾಂ ಮಧ್ಯೆ ಕುಸಿದು ಬಿದ್ದರೆ ಕ್ರಾನ್ ಅದನ್ನು ಮತ್ತೆ ಎಬ್ಬಿಸುವುದಿಲ್ಲ.

ಅದಕ್ಕೇ ನನಗೆ ಸಿಸ್ಟಮ್‌ಡಿ (ಪ್ರೋಗ್ರಾಂಗಳನ್ನು ಶುರು ಮಾಡಿ ನೋಡಿಕೊಳ್ಳುವ ಲಿನಕ್ಸ್ ವ್ಯವಸ್ಥೆ) ಯೂಸರ್ ಸರ್ವೀಸ್ ಜಾಸ್ತಿ ಇಷ್ಟ. ಹೋಮ್ ಫೋಲ್ಡರ್‌ನ ಡಾಟ್ ಕಾನ್ಫಿಗ್ ಒಳಗೆ ಸಿಸ್ಟಮ್‌ಡಿ, ಅದರೊಳಗೆ ಯೂಸರ್ ಫೋಲ್ಡರ್. ಯಾವ ಪ್ರೋಗ್ರಾಂ ಹೇಗೆ ಓಡಬೇಕು ಅಂತ ಹೇಳುವ ಸರ್ವೀಸ್ ಫೈಲ್ ಅಲ್ಲಿಡಿ. ರೀಸ್ಟಾರ್ಟ್ ಸಾಲಿಗೆ ಆನ್-ಫೇಲ್ಯೂರ್ ಅಂತ ಕೊಡಿ, ಕುಸಿದರೆ ಮತ್ತೆ ಏಳುತ್ತದೆ. ಯಾವಾಗ ಶುರುವಾಗಬೇಕು ಅಂತ ಹೇಳುವ ವಾಂಟೆಡ್‌ಬೈ ಸಾಲಿನಲ್ಲಿ ಡೀಫಾಲ್ಟ್ ಡಾಟ್ ಟಾರ್ಗೆಟ್ ಅಂತಲೇ ಇರಲಿ. ಬೇರೆ ಕಡೆಯಿಂದ ನಕಲು ಮಾಡಿದ ಫೈಲ್‌ನಲ್ಲಿ ಸಾಮಾನ್ಯವಾಗಿ ಮಲ್ಟಿ-ಯೂಸರ್ ಟಾರ್ಗೆಟ್ ಇರುತ್ತದೆ, ಅದು ಇಲ್ಲಿ ನಡೆಯಲ್ಲ. ಆಮೇಲೆ ಸಿಸ್ಟಮ್‌ಸಿಟಿಎಲ್ ಕಮಾಂಡ್‌ಗೆ ಯೂಸರ್ ಆಯ್ಕೆ ಸೇರಿಸಿ ಎನೇಬಲ್ ಮಾಡಿ.

ಇಷ್ಟಾದರೂ ಅದು ಶುರುವಾಗುವುದು ನೀವು ಲಾಗಿನ್ ಆದಾಗ, ಲಾಗೌಟ್ ಆದರೆ ನಿಂತೂ ಹೋಗುತ್ತದೆ. ಬಹಳ ಜನ ಸಿಕ್ಕಿಬೀಳುವುದು ಇಲ್ಲೇ. ಲಾಗಿನ್‌ಸಿಟಿಎಲ್‌ನ ಎನೇಬಲ್-ಲಿಂಗರ್ ಕಮಾಂಡ್ ಒಮ್ಮೆ ಕೊಟ್ಟರೆ ಸಾಕು, ಬೂಟ್ ಆಗುವಾಗಲೇ ನಿಮ್ಮ ಸರ್ವೀಸ್‌ಗಳು ಏಳುತ್ತವೆ. ಕೆಲವು ಕಡೆ ಇದಕ್ಕೆ ಅಡ್ಮಿನ್ ಅನುಮತಿ ಕೇಳಬಹುದು.

ಆದರೆ ಹೋಮ್ ಫೋಲ್ಡರ್ ಎನ್‌ಕ್ರಿಪ್ಟ್ ಆಗಿದ್ದು ಲಾಗಿನ್ ಆದಾಗಲೇ ತೆರೆಯುವಂತಿದ್ದರೆ ಈ ಎರಡೂ ದಾರಿ ಕೈಕೊಡುತ್ತವೆ. 1024ಕ್ಕಿಂತ ಕೆಳಗಿನ ಪೋರ್ಟ್ (ಪ್ರೋಗ್ರಾಂ ನೆಟ್‌ವರ್ಕ್‌ನಲ್ಲಿ ಬಳಸುವ ಸಂಖ್ಯೆ) ಕೂಡ ಸಾಮಾನ್ಯ ಬಳಕೆದಾರರಿಗೆ ಸುಮ್ನೆ ಸಿಗಲ್ಲ, 8080ರಂಥದ್ದು ಇಟ್ಟುಕೊಳ್ಳಿ.